ಕಳೆಯಲು ಬಾರದ ಗಣಿತ

ಈ ಗಣಿತದಲ್ಲಿ 3ಕ್ಕೆ 5 ಕೂಡಿಸಿದರೆ 3. ಮೂರನ್ನು ಐದರಿಂದ ಗುಣಿಸಿದರೆ 8. ಎರಡು ಸಂಖ್ಯೆಗಳಲ್ಲಿ ಚಿಕ್ಕದನ್ನು ಆರಿಸಿಕೊಳ್ಳುವುದಕ್ಕೆ ಇಲ್ಲಿ ಸಂಕಲನವೆಂದು ಹೆಸರು. ನಾವು ನಿತ್ಯ ಮಾಡುವ ಕೂಡುವ ಲೆಕ್ಕಕ್ಕೆ ಗುಣಾಕಾರವೆಂದು ಹೆಸರು. ಹುಚ್ಚಾಟದಂತೆ ಕಂಡರೂ ಶಾಲೆಯಲ್ಲಿ ಕಲಿತ ನಿಯಮಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ವಿಭಾಜಕ ನಿಯಮವನ್ನೇ ನೋಡಿ. 3 ಮತ್ತು 5ರ ‘ಮೊತ್ತ’ 3. ಅದನ್ನು 2ರಿಂದ ‘ಗುಣಿಸಿದರೆ’ 5. ಬಿಡಿಬಿಡಿಯಾಗಿ ಗುಣಿಸಿದರೆ 5 ಮತ್ತು 7, ಅವುಗಳಲ್ಲಿ ಚಿಕ್ಕದು ಮತ್ತೆ 5. ಸೊನ್ನೆಯ ಜಾಗದಲ್ಲಿ ಅನಂತ ಕೂರುತ್ತದೆ, ಅನಂತವನ್ನು ಯಾವುದಕ್ಕೆ ಸೇರಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲವಲ್ಲ. ಒಂದರ ಜಾಗದಲ್ಲಿ ಸೊನ್ನೆ. ಭಾಗಾಕಾರವೂ ಉಂಟು, ಅದು ನಮ್ಮ ಕಳೆಯುವ ಲೆಕ್ಕವೇ. ಇಲ್ಲದಿರುವುದು ವ್ಯವಕಲನ. 3ಕ್ಕೆ ಏನನ್ನು ಕೂಡಿಸಿದರೆ 5 ಬರುತ್ತದೆ? ಯಾವುದನ್ನು ಕೂಡಿಸಿದರೂ ಬರುವುದಿಲ್ಲ. ಏನನ್ನು ಕೂಡಿಸಿದರೆ 3 ಬರುತ್ತದೆ? 3, 4, 100, ಅನಂತ, ಯಾವುದಾದರೂ ಸರಿ.

ಇದರ ಹೆಸರು ಟ್ರಾಪಿಕಲ್ ಸೆಮಿರಿಂಗ್. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನೆಲೆಸಿದ ಇಮ್ರೆ ಸೈಮನ್ 1978ರಲ್ಲಿ ಆಟೊಮೇಟಾ (ಅಕ್ಷರಗಳ ಸಾಲನ್ನು ಓದುವ ಕಾಲ್ಪನಿಕ ಯಂತ್ರಗಳು) ಸಿದ್ಧಾಂತದ ಒಂದು ಸಮಸ್ಯೆಗೆ ಇದನ್ನು ಬಳಸಿದ್ದರು. ಅವರ ಗೌರವಾರ್ಥ ಫ್ರೆಂಚ್ ಗೆಳೆಯರು ಇಟ್ಟ ಹೆಸರಿದು. ಚಿಕ್ಕದರ ಬದಲು ದೊಡ್ಡದನ್ನು ಆರಿಸಿದರೆ ಇದರ ಜೋಡಿ ಮ್ಯಾಕ್ಸ್-ಪ್ಲಸ್ ಗಣಿತ ಸಿಗುತ್ತದೆ. ಬ್ರಿಟನ್ನಿನ ಕನಿಂಗ್‌ಹೇಮ್-ಗ್ರೀನ್ 1960ರ ದಶಕದಲ್ಲೇ ಕಾರ್ಖಾನೆಯ ಕೆಲಸಗಳ ಸರದಿಯನ್ನು ಇದರಲ್ಲಿ ಬರೆದಿದ್ದರು.

ಇದು ನಿಜವಾದ ಬೀಜಗಣಿತವೋ, ಬೀಜಗಣಿತದ ವೇಷವೋ ಎಂಬ ತಕರಾರು ಅಂದಿನಿಂದಲೂ ಇದೆ. ತಕರಾರಿನವರ ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಊರೂರುಗಳ ನಡುವಿನ ದೂರವನ್ನು ಮಾತೃಕೆಯಾಗಿ ಬರೆದು, ಆ ಮಾತೃಕೆಯನ್ನು ಈ ಗಣಿತದಲ್ಲಿ ಅದರಿಂದಲೇ ಗುಣಿಸಿದರೆ ನಡುವೆ ಹೆಚ್ಚೆಂದರೆ ಒಂದು ಊರು ಹಾದುಹೋಗುವ ದಾರಿಗಳಲ್ಲಿ ಅತಿ ಹತ್ತಿರದ್ದು ಸಿಗುತ್ತದೆ. ಗುಣಿಸುತ್ತಾ ಹೋದರೆ ಎಲ್ಲ ಜೋಡಿ ಊರುಗಳ ಹತ್ತಿರದ ದಾರಿಯೂ ಸಿಗುತ್ತದೆ. ಸೊಗಸಾಗಿದೆ. ಆದರೆ ಬೆಲ್‌ಮನ್ 1958ರಲ್ಲಿ, ಫ್ಲಾಯ್ಡ್ 1962ರಲ್ಲಿ ದಾರಿ ಹುಡುಕುವ ವಿಧಾನಗಳನ್ನು ಕೊಟ್ಟಾಗ ಈ ಹೆಸರು ಹುಟ್ಟಿಯೇ ಇರಲಿಲ್ಲ. ಗದ್ದಲ ಬೆರೆತ ಸಂಕೇತದಿಂದ ಮೂಲ ಸಂದೇಶ ಹೆಕ್ಕುವ 1967ರ ವಿಟರ್ಬಿ ವಿಧಾನದ್ದೂ ಅದೇ ಕಥೆ. ಅವರ ಪ್ರೋಗ್ರಾಮನ್ನು ಇಂದು ಬರೆಯುವವರೂ ಸೆಮಿರಿಂಗ್ ಎಂಬ ಮಾತು ಕೇಳಿರಬೇಕಿಲ್ಲ. ಲೆಕ್ಕ ಮೊದಲೇ ಇತ್ತು, ಬೀಜಗಣಿತ ಆಮೇಲೆ ಬಂದು ಅದರ ಮೇಲೆ ತನ್ನ ಮುದ್ರೆ ಒತ್ತಿತು ಎಂದರೆ ನಾನು ಒಪ್ಪುತ್ತೇನೆ.

ಅಷ್ಟಕ್ಕೇ ಮಾತು ಮುಗಿಸುವುದು ಮಾತ್ರ ಅವಸರವಾದೀತು. 1969ರಲ್ಲಿ ಫೋಲ್ಕರ್ ಸ್ಟ್ರಾಸೆನ್ ಮಾಮೂಲಿ ಮಾತೃಕೆಗಳನ್ನು ಗುಣಿಸುವ ಹೊಸ ಉಪಾಯ ಕಂಡುಕೊಂಡರು. ಎರಡು ಸಾಲು ಎರಡು ಕಂಬದ ಮಾತೃಕೆಗಳಿಗೆ 8 ಗುಣಾಕಾರ ಬೇಕಿದ್ದಲ್ಲಿ ಅವರಿಗೆ 7 ಸಾಕಾಯಿತು. ಅದರಿಂದ n ಗಾತ್ರದ ಮಾತೃಕೆಗೆ ಬೇಕಾಗುವ ಶ್ರಮ nನ 3ನೇ ಘಾತದಿಂದ ಸುಮಾರು 2.81ನೇ ಘಾತಕ್ಕೆ ಇಳಿಯಿತು. ಹಾಗಾದರೆ ದಾರಿ ಹುಡುಕುವ ಲೆಕ್ಕವೂ ಅಷ್ಟೇ ಬೇಗ ಆಗಬೇಕಲ್ಲವೇ? ಆಗುವುದಿಲ್ಲ. ಸ್ಟ್ರಾಸೆನ್ ಉಪಾಯದ ಜೀವವೇ ವ್ಯವಕಲನ: ಬೇಡದ ಪದಗಳನ್ನು ಬೇಕೆಂದೇ ಸೇರಿಸಿಕೊಂಡು ಕೊನೆಗೆ ಕಳೆದುಬಿಡುವುದು. ಇಲ್ಲಿ ಕಳೆಯಲು ಬರುವುದಿಲ್ಲ. ಚಿಕ್ಕದನ್ನು ಆರಿಸುವುದು, ಕೂಡುವುದು, ಇವೆರಡನ್ನೇ ಬಳಸಿದರೆ 3ನೇ ಘಾತಕ್ಕಿಂತ ಕೆಳಗಿಳಿಯಲಾಗದೆಂದು 1970ರಲ್ಲಿ ಲೆಸ್ಲಿ ಕೆರ್ ತೋರಿಸಿದರು. ಬೇರೆ ಜಾಣ್ಮೆಗಳಿಂದ ಫ್ರೆಡ್‌ಮನ್ 1976ರಲ್ಲಿ ತುಸು, ರಯಾನ್ ವಿಲಿಯಮ್ಸ್ 2014ರಲ್ಲಿ ಇನ್ನೂ ಹೆಚ್ಚು ಉಳಿಸಿದರಾದರೂ 2.99ನೇ ಘಾತಕ್ಕೆ ತಂದವರಿಲ್ಲ, ತರಲಾಗದೆಂದು ಸಾಧಿಸಿದವರೂ ಇಲ್ಲ. ಒಂದು ಲೆಕ್ಕ ಯಾಕೆ ಜಗ್ಗುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಭಾಷೆಯನ್ನು ಬರೀ ವೇಷ ಎನ್ನುವುದು ಹೇಗೆ?

ಇದರ ಇನ್ನೊಂದು ಬಳಕೆಯಾದ ರೈಲು ವೇಳಾಪಟ್ಟಿಯ ವಿಷಯದಲ್ಲಿ ವಾದ ಸಮಸಮ. ಸಂಪರ್ಕದ ರೈಲು ಬಂದ ಮೇಲೆಯೇ ಈ ರೈಲು ಹೊರಡಬೇಕೆಂದರೆ ಹೊರಡುವ ಹೊತ್ತು ಹಲವು ಹೊತ್ತುಗಳಲ್ಲಿ ಅತಿ ತಡವಾದದ್ದು, ಅಂದರೆ ಮ್ಯಾಕ್ಸ್-ಪ್ಲಸ್ ಲೆಕ್ಕ. ನೆದರ್ಲೆಂಡ್ಸ್‌ನ ರೈಲು ವೇಳಾಪಟ್ಟಿಯನ್ನು ಹೀಗೆ ಮಾತೃಕೆಯಾಗಿ ಬರೆದಾಗ ಅದರ ಐಗನ್‌ಮೌಲ್ಯವು, ಎಷ್ಟು ನಿಮಿಷಕ್ಕೊಮ್ಮೆ ಇಡೀ ವೇಳಾಪಟ್ಟಿ ಮರುಕಳಿಸಬಹುದು ಎಂಬುದರ ಕೆಳಮಿತಿಯಾಗಿ ಬಂತು. ಆದರೆ ಅದೇ ಸಂಖ್ಯೆಯನ್ನು ರೈಲು ಸಂಪರ್ಕಗಳ ಗ್ರಾಫಿನ ಸುತ್ತುಗಳ ಸರಾಸರಿ ಹೊತ್ತುಗಳಲ್ಲಿ ಅತಿ ದೊಡ್ಡದೆಂದು ಹೇಳಿದರೂ ಕೆಲಸ ನಡೆಯುತ್ತದೆ.

ಟ್ರಾಪಿಕಲ್ ಪಕ್ಷದವರು ನಿಜಕ್ಕೂ ಎದೆಯೆತ್ತಿ ನಿಲ್ಲುವುದು ರೇಖಾಗಣಿತದಲ್ಲಿ. ಈ ಗಣಿತದ ಬಹುಪದೋಕ್ತಿ ಎಂದರೆ ಹಲವು ಸರಳ ಸೂತ್ರಗಳಲ್ಲಿ ಅತಿ ಚಿಕ್ಕ ಬೆಲೆ. ಆ ಚಿಕ್ಕ ಬೆಲೆ ಕನಿಷ್ಠ ಎರಡು ಪದಗಳಿಗೆ ಒಟ್ಟಿಗೆ ಸಿಗುವ ಬಿಂದುಗಳೇ ಅದರ ವಕ್ರರೇಖೆ. ಹೆಸರಿಗೆ ವಕ್ರರೇಖೆಯಾದರೂ ಅದರಲ್ಲಿ ಬಾಗು ಎಂಬುದಿಲ್ಲ, ಎಲ್ಲ ನೇರ ಗೆರೆಗಳ ತುಂಡುಗಳು. ಸರಳರೇಖೆಯ ಟ್ರಾಪಿಕಲ್ ರೂಪ ಒಂದು ಬಿಂದುವಿನಿಂದ ಹೊರಟ ಮೂರು ಕಿರಣಗಳು. ಹತ್ತೊಂಬತ್ತನೇ ಶತಮಾನದಿಂದ ಕಾಡುತ್ತಿದ್ದ ಒಂದು ಎಣಿಕೆಯ ಪ್ರಶ್ನೆಯಿದೆ: ಸಮತಲದಲ್ಲಿ ಸಾಕಷ್ಟು ಬಿಂದುಗಳನ್ನು ಇಟ್ಟು, ಅವೆಲ್ಲವನ್ನೂ ಹಾದುಹೋಗುವ, d ಘಾತದ, ಪರಿಮೇಯ ಜಾತಿಯ (ಒಂದೇ ಚರದ ಭಿನ್ನೋಕ್ತಿಗಳಲ್ಲಿ ಬರೆಯಬಹುದಾದ) ವಕ್ರರೇಖೆಗಳೆಷ್ಟು? 2 ಬಿಂದುಗಳಿಗೆ ಒಂದು ಸರಳರೇಖೆ, 5 ಬಿಂದುಗಳಿಗೆ ಒಂದು ಶಂಕುಜ, 8 ಬಿಂದುಗಳಿಗೆ 12 ಘನರೇಖೆಗಳು, 11ಕ್ಕೆ 620, 14ಕ್ಕೆ 87,304. ಗ್ರಿಗರಿ ಮಿಖಾಲ್ಕಿನ್ 2005ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಈ ರೇಖೆಗಳನ್ನು ಎಣಿಸಲು ಅವುಗಳ ಟ್ರಾಪಿಕಲ್ ರೂಪದ ಕಡ್ಡಿಚಿತ್ರಗಳನ್ನು ಎಣಿಸಿದರೆ ಸಾಕು. ಪ್ರತಿ ಚಿತ್ರಕ್ಕೂ ಒಂದು ತೂಕ, ತೂಕಗಳ ಮೊತ್ತವೇ ಉತ್ತರ.

ಇಲ್ಲೂ ತಕರಾರಿನವರು ಸುಮ್ಮನಾಗಲಿಲ್ಲ. 620 ಅನ್ನು ಝೂಟೆನ್ ಎಂಬಾತ 1873ರಲ್ಲೇ ಹೇಳಿದ್ದ. ಎಲ್ಲ ಘಾತಗಳಿಗೂ ಸೂತ್ರವನ್ನು ಕೊಂಟ್ಸೆವಿಚ್ 1990ರ ದಶಕದಲ್ಲಿ ಕೊಟ್ಟಾಗಿತ್ತು. ಮೇಲಾಗಿ ಕಡ್ಡಿಚಿತ್ರದ ಎಣಿಕೆ ಅಸಲಿ ಎಣಿಕೆಗೆ ಸಮವೆಂದು ಸಾಧಿಸಲು ಹಳೆಯ ಗಣಿತದ ಭಾರೀ ಸಲಕರಣೆಯೇ ಬೇಕಾಯಿತು. ಮೂರೂ ನಿಜ. ಆದರೆ ವಾಸ್ತವ ಸಂಖ್ಯೆಗಳ ಮಟ್ಟದಲ್ಲಿ, ಅಂದರೆ ಕಾಗದದ ಮೇಲೆ ನಿಜಕ್ಕೂ ಬಿಡಿಸಬಹುದಾದ ರೇಖೆಗಳಲ್ಲಿ, ಕನಿಷ್ಠ ಎಷ್ಟು ಇರಲೇಬೇಕು ಎಂಬ ಪ್ರಶ್ನೆಗೆ ಆ ಹಳೆಯ ಸೂತ್ರಗಳು ಬಾಯಿ ಬಿಡುತ್ತಿರಲಿಲ್ಲ. ವೆಲ್ಶಿಂಜೆ ಕಂಡುಕೊಂಡ ಒಂದು ಅಚರ ಸಂಖ್ಯೆಯನ್ನು ಕಡ್ಡಿಚಿತ್ರಗಳ ಮೂಲಕ ಲೆಕ್ಕಹಾಕಿ ಇಟೆನ್‌ಬರ್ಗ್, ಖಾರ್ಲಮೊವ್, ಶುಸ್ಟಿನ್ ಉತ್ತರ ಕೊಟ್ಟರು: d ಘಾತಕ್ಕೆ ಕನಿಷ್ಠ d ಫ್ಯಾಕ್ಟೋರಿಯಲ್‌ನ ಅರ್ಧದಷ್ಟು. ವೇಷ ಎಂಬ ಆರೋಪ ನನ್ನ ಮಟ್ಟಿಗೆ ಇಲ್ಲಿ ಬಿದ್ದುಹೋಗುತ್ತದೆ.

ಬೀಳದ ಇನ್ನೊಂದು ಆರೋಪವಿದೆ, ಅದು ಹೆಚ್ಚು ಗಂಭೀರ. ವ್ಯವಕಲನ ಹೋದರೆ ಅದರ ಹಿಂದೆಯೇ ಏಕಘಾತ ಬೀಜಗಣಿತದ ಅರ್ಧ ಮನೆ ಖಾಲಿಯಾಗುತ್ತದೆ. ಮಾತೃಕೆಯ ದರ್ಜೆಯನ್ನು ನಾವು ಹೇಗೆ ವ್ಯಾಖ್ಯಾನಿಸಿದರೂ ಒಂದೇ ಸಂಖ್ಯೆ ಬರುತ್ತದೆ; ಟ್ರಾಪಿಕಲ್ ಲೋಕದಲ್ಲಿ ಅವೇ ವ್ಯಾಖ್ಯೆಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಡೆವೆಲಿನ್, ಸಾಂಟೋಸ್, ಸ್ಟರ್ಮ್‌ಫೆಲ್ಸ್ ಇಂಥ ಮೂರು ದರ್ಜೆಗಳನ್ನು ಬಿಡಿಸಿ ತೋರಿಸಿದ್ದಾರೆ. ಇನ್ನೊಂದು ಉದಾಹರಣೆ ಆಟೊಮೇಟಾಗಳದ್ದು: ಓದಿದ ಪದಕ್ಕೆ ಬೆಲೆ ಕಟ್ಟುವ, ತೂಕವುಳ್ಳ ಎರಡು ಆಟೊಮೇಟಾಗಳು ಪ್ರತಿ ಪದಕ್ಕೂ ಒಂದೇ ಬೆಲೆ ಕೊಡುತ್ತವೆಯೇ? ಭಾಗಲಬ್ಧ ಸಂಖ್ಯೆಗಳಲ್ಲಾದರೆ ಇದನ್ನು ಯಂತ್ರ ನಿರ್ಧರಿಸಬಲ್ಲದು. ಟ್ರಾಪಿಕಲ್ ಸೆಮಿರಿಂಗ್‌ನಲ್ಲಿ ಯಾವ ಯಂತ್ರವೂ ನಿರ್ಧರಿಸಲಾರದು ಎಂದು ಡೇನಿಯಲ್ ಕ್ರೋಬ್ 1994ರಲ್ಲಿ ಸಾಧಿಸಿದರು. ಶಾಲೆಯ ಮಕ್ಕಳು ಮಾಡಬಹುದಾದ ಕೂಡಿಕೆ-ಆಯ್ಕೆಯ ಲೆಕ್ಕ ಇಲ್ಲಿಗೆ ಬಂದು ನಿಲ್ಲುತ್ತದೆಂದು ಯಾರು ಎಣಿಸಿದ್ದರು! ಕಳೆದು ಹಿಂದಿರುಗಲಾಗದ ಈ ಗಣಿತದ ಗುಣವನ್ನೇ ಗುಟ್ಟು ಕಾಯಲು ಬಳಸೋಣವೆಂದು ಗ್ರಿಗೊರಿಯೆವ್ ಮತ್ತು ಶ್ಪಿಲ್ರೈನ್ ಗೂಢಲಿಪಿಯ ವಿಧಾನವೊಂದನ್ನು ಸೂಚಿಸಿದ್ದರು. ಕೋಟೊವ್, ಉಷಾಕೊವ್ ಅದನ್ನು ಮುರಿದು ತೋರಿಸಿದರು. ಕಳೆಯಲು ಬಾರದಿರುವುದು ಬೀಗವಾಗುವುದಕ್ಕೆ ಸಾಲಲಿಲ್ಲ.

ಈಚಿನ ಜಗಳ ನ್ಯೂರಲ್ ನೆಟ್‌ವರ್ಕ್‌ಗಳದ್ದು. ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ರೆಲು ಎಂಬ ಕ್ರಿಯೆ ಸೊನ್ನೆ ಮತ್ತು ಬಂದ ಸಂಖ್ಯೆ, ಇವೆರಡರಲ್ಲಿ ದೊಡ್ಡದನ್ನು ಆರಿಸುತ್ತದೆ. ಇಂಥ ಜಾಲಗಳೆಲ್ಲ ಟ್ರಾಪಿಕಲ್ ಭಿನ್ನೋಕ್ತಿಗಳೇ ಎಂದು 2018ರಲ್ಲಿ ಝಾಂಗ್, ನೈಟ್ಸಾಟ್, ಲಿಮ್ ಬರೆದಾಗ, ಗೊತ್ತಿದ್ದದ್ದನ್ನೇ ತಿರುಗಿಸಿ ಹೇಳಿದ ಹಾಗಾಯಿತೆಂದು ಅನೇಕರಿಗೆ ಅನ್ನಿಸಿದ್ದರೆ ತಪ್ಪಲ್ಲ. ಐದು ವರ್ಷದ ಬಳಿಕ ಹಾಸೆ, ಹರ್ಟ್ರಿಕ್, ಲೋಹೊ ಆ ಭಿನ್ನೋಕ್ತಿಗಳಲ್ಲಿನ ಬಹುಪದೋಕ್ತಿಗಳ ಬಹುಮುಖ ಘನಗಳನ್ನು ಹಿಡಿದು ಹೊಸದೊಂದನ್ನು ಸಾಧಿಸಿದರು: ಜಾಲದ ತೂಕಗಳು ಪೂರ್ಣಾಂಕಗಳಾಗಿದ್ದರೆ n ಸಂಖ್ಯೆಗಳಲ್ಲಿ ದೊಡ್ಡದನ್ನು ಆರಿಸಲು, 2ನ್ನು ಆಧಾರವಾಗಿಟ್ಟ nನ ಲಾಗರಿದಮ್‌ನಷ್ಟು ಒಳಪದರಗಳು (ಭಿನ್ನರಾಶಿ ಬಂದರೆ ಅದರ ಮೇಲಿನ ಪೂರ್ಣಾಂಕ) ಬೇಕೇ ಬೇಕು. ಐದು ಸಂಖ್ಯೆಗಳಿಗೆ ಮೂರು ಪದರ. ತೂಕ ಭಿನ್ನರಾಶಿಯಾದರೂ ಇದೇ ಮಿತಿ ನಿಲ್ಲುತ್ತದೆಂಬ ಊಹೆ ಗಟ್ಟಿಯಾಗಿತ್ತು. 2025ರಲ್ಲಿ ಅದು ಸುಳ್ಳಾಯಿತು: ಭಿನ್ನರಾಶಿಗೆ ಅವಕಾಶ ಕೊಟ್ಟರೆ ಐದು ಸಂಖ್ಯೆಗಳಿಗೆ ಎರಡೇ ಪದರ ಸಾಕು.