ಲೇಯಳನ್ನು ಯಾಕೋಬ ದ್ವೇಷಿಸಿದನೇ?

ಸಭಾಪಾಲಕರಾಗಲು ಬರುವ ಹುಡುಗರಿಗೆ ಹೀಬ್ರೂ ಕಲಿಸಿದವಳು ನಾನು. ಆದಿಕಾಂಡದ 29ನೇ ಅಧ್ಯಾಯಕ್ಕೆ ಬಂದಾಗಲೆಲ್ಲ ಪಾಠ ತಡೆದು ನಿಲ್ಲುತ್ತಿತ್ತು. ಯಾಕೋಬನ ಇಬ್ಬರು ಹೆಂಡಿರಲ್ಲಿ ರಾಹೇಲಳು ಅವನ ಒಲವಿನವಳು, ಅವಳ ಅಕ್ಕ ಲೇಯಾ ‘ಸೆನುಆ’ ಆಗಿದ್ದಳು ಎನ್ನುತ್ತದೆ ಮೂಲ. ನಿಘಂಟು ತೆಗೆದರೆ ‘ದ್ವೇಷಕ್ಕೆ ಗುರಿಯಾದವಳು’ ಎಂದಿರುತ್ತದೆ. ಹುಡುಗರು ಅಷ್ಟನ್ನೇ ಬರೆದುಕೊಂಡು ಹೋಗಿ ಮುಂದೆ ಪ್ರಸಂಗಪೀಠದಲ್ಲಿ ನಿಂತು ಅಷ್ಟನ್ನೇ ಹೇಳುತ್ತಾರೆ. ಅದನ್ನು ಕೇಳುವ ಹೆಂಗಸರಲ್ಲಿ ಗಂಡನ ಮನೆಯಲ್ಲೇ ಮೂಲೆಗುಂಪಾದವರೂ ಇರುತ್ತಾರೆ. ಅವರ ಮುಂದೆ ಈ ಅರೆಬರೆ ಅರ್ಥ ಇಡುವುದು ಸರಿಯಲ್ಲ ಎಂಬುದು ನನ್ನ ತಕರಾರು.

‘ಸೆನುಆ’ ಹುಟ್ಟಿದ್ದು ‘ಸಾನೇ’ಯಿಂದ, ಅದು ಹೀಬ್ರೂವಿನ ದಿನಬಳಕೆಯ ಕ್ರಿಯಾಪದ. ಅರಾಮಿಕ್‌ನಲ್ಲಿ ‘ಸ್ನಾ’. ಅರಬ್ಬಿಯಲ್ಲಿ ಮೊದಲ ಅಕ್ಷರ ‘ಶ’ ಆಗುತ್ತದೆ. ಕುರ್‌ಆನಿನ ಅತಿ ಚಿಕ್ಕ ಅಧ್ಯಾಯವಾದ ಅಲ್‌ಕೌಸರ್‌ನ ಕೊನೆಯ ವಾಕ್ಯದಲ್ಲಿ ಬರುವ ‘ಶಾನಿಅ’ ಇದೇ ಧಾತುವಿನದು. ನಮ್ಮ ಅಕ್ಕಪಕ್ಕದ ಮುಸ್ಲಿಮರ ಮನೆಗಳಲ್ಲಿ ಮಕ್ಕಳಿಗೂ ಅದು ಬಾಯಿಪಾಠ. ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲೂ ಈ ಧಾತು ಇದೆ. ಆದರೆ ಧಾತು ಎಷ್ಟು ಹಳೆಯದೆಂದು ಗೊತ್ತಾದ ಮಾತ್ರಕ್ಕೆ ಲೇಯಳ ಪಾಡು ಏನಿತ್ತೆಂದು ಗೊತ್ತಾಗುವುದಿಲ್ಲ. ಧಾತುವನ್ನು ಅಗೆದು ಬೈಬಲ್ಲಿನ ಅರ್ಥ ತೆಗೆಯುವ ಅಭ್ಯಾಸವನ್ನು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲೇ ತಮ್ಮ ಪುಸ್ತಕದಲ್ಲಿ ಕಟುವಾಗಿ ಖಂಡಿಸಿದರು. ಪದವನ್ನು ಜನ ಎಲ್ಲಿ, ಯಾವ ಕೆಲಸಕ್ಕೆ ಬಳಸಿದರು ಎಂಬುದನ್ನು ನೋಡಬೇಕು.

ಅದಕ್ಕೆ ನೈಲ್ ನದಿಯ ಎಲಿಫಂಟೀನ್ ದ್ವೀಪಕ್ಕೇ ಹೋಗಬೇಕು. ಪರ್ಷಿಯನ್ನರ ಆಳ್ವಿಕೆಯಲ್ಲಿ ಅಲ್ಲೊಂದು ಯೆಹೂದಿ ಸೈನಿಕರ ನೆಲೆ ಇತ್ತು. ಅವರ ವ್ಯವಹಾರದ ಭಾಷೆ ಅರಾಮಿಕ್. ಕ್ರಿ.ಪೂ. 449ರಲ್ಲಿ ಅಲ್ಲಿನ ದೇವಾಲಯದ ಸೇವಕ ಅನನ್ಯ, ತಾಮುತ್ ಎಂಬ ಈಜಿಪ್ಟಿನ ಹೆಣ್ಣನ್ನು ಮದುವೆಯಾದ. ಆಕೆ ಮೆಷುಲ್ಲಾಮ್ ಎಂಬವನ ಮನೆಯ ದಾಸಿ. ಆಕೆ ತಂದದ್ದು ಒಂದು ಉಣ್ಣೆಯ ಬಟ್ಟೆ, ಒಂದು ಕನ್ನಡಿ, ಒಂದು ಜೊತೆ ಚಪ್ಪಲಿ, ಇನ್ನೊಂದಿಷ್ಟು ಚಿಲ್ಲರೆ ಸಾಮಾನು. ಅಷ್ಟಕ್ಕೂ ಪಪೈರಸ್ ಹಾಳೆಯಲ್ಲಿ ಪತ್ರವಾಯಿತು. ಚಾರ್ಲ್ಸ್ ವಿಲ್ಬರ್ 1893ರಲ್ಲಿ ಕೊಂಡ ಕಾಗದಗಳ ನಡುವೆ ಇದ್ದ ಈ ಪತ್ರ ಈಗ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ.

ಆ ಪತ್ರದಲ್ಲಿ ನಮ್ಮ ಕ್ರಿಯಾಪದ ಬರುತ್ತದೆ. ಅನನ್ಯ ಸಭೆಯಲ್ಲಿ ಎದ್ದು ನಿಂತು ‘ತಾಮುತಳನ್ನು ದ್ವೇಷಿಸಿದೆ’ ಎಂದರೆ ‘ದ್ವೇಷದ ಬೆಳ್ಳಿ’, ಅಂದರೆ ಅದಕ್ಕೆ ತೆರಬೇಕಾದ ಹಣ, ಅವನ ತಲೆಯ ಮೇಲೆ. ಅದೇ ಮಾತನ್ನು ತಾಮುತ್ ಆಡಿದರೆ ಅದು ಅವಳ ತಲೆಯ ಮೇಲೆ. ತಾನು ತಂದದ್ದನ್ನು ಹುಲ್ಲುಕಡ್ಡಿಯಿಂದ ದಾರದ ಎಳೆಯವರೆಗೆ ಹೆಣ್ಣು ಒಯ್ಯಬಹುದು ಎಂಬ ಕರಾರು ಆ ದ್ವೀಪದ ಮದುವೆ ಪತ್ರಗಳಲ್ಲಿದೆ. ಇಲ್ಲಿ ದ್ವೇಷ ಎಂದರೆ ಹೊಟ್ಟೆಯೊಳಗಿನ ಕಿಚ್ಚಲ್ಲ, ನಾಲ್ಕು ಜನರ ಮುಂದೆ ಸಂಬಂಧ ಕಡಿದುಕೊಳ್ಳುವ ಮಾತು. ನಮ್ಮ ಧಾರವಾಡದ ಕಡೆ ಸೋಡಚೀಟಿ ಕೊಟ್ಟ ಹಾಗೆ. ಸಂಬಂಧ ಕಡಿಯುವುದಲ್ಲ, ಹೆಂಡತಿಯ ಸ್ಥಾನವನ್ನು ಇಳಿಸುವುದು ಎನ್ನುವ ವಿದ್ವಾಂಸರೂ ಇದ್ದಾರೆ. ಹೇಗಾದರೂ ಅದು ಸ್ಥಾನಮಾನದ ಮಾತೇ. ಒಬ್ಬ ದಾಸಿಗೂ ಆ ಮಾತನ್ನಾಡುವ ಹಕ್ಕಿತ್ತು ಎಂಬುದನ್ನು ಓದುವಾಗ ಇಂದಿಗೂ ನನ್ನ ಕಣ್ಣು ತುಂಬುತ್ತದೆ.

ಈಗ ಲೇಯಳ ಹತ್ತಿರ ಬನ್ನಿ. ಯಾಕೋಬ ಆಕೆಯನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಆಕೆ ಆರು ಗಂಡುಮಕ್ಕಳನ್ನು ಹೆತ್ತಳು. ರಾಹೇಲಳ ಸಮಾಧಿ ದಾರಿಯಲ್ಲೇ ಆಯಿತು. ಮಕ್ಪೇಲದ ಗವಿಯಲ್ಲಿ, ಮನೆತನದ ಹಿರಿಯರ ಜೊತೆ ಯಾಕೋಬ ಹೂಳಿದ್ದು ಲೇಯಳನ್ನು. ಆಕೆ ಪ್ರೀತಿಯಲ್ಲಿ ಎರಡನೆಯವಳಾಗಿದ್ದಳು. ಆ ನೋವು ಸಣ್ಣದಲ್ಲ, ಎರಡನೆಯ ಮಗನಿಗೆ ಸಿಮೆಯೋನ ಎಂದು ಹೆಸರಿಡುವಾಗ ಆಕೆ ಅದನ್ನು ಬಾಯಿಬಿಟ್ಟೇ ಹೇಳುತ್ತಾಳೆ. ಧರ್ಮೋಪದೇಶಕಾಂಡದ 21ನೇ ಅಧ್ಯಾಯದ ಕಾನೂನಿನಲ್ಲೂ ಇದೇ ‘ಸೆನುಆ’ ಇದೆ: ಇಬ್ಬರು ಹೆಂಡಿರಿದ್ದು ಚೊಚ್ಚಲ ಮಗ ‘ಸೆನುಆ’ ಆದವಳ ಮಗನಾದರೆ ಎರಡು ಪಾಲು ಅವನಿಗೇ ಸಲ್ಲಬೇಕು. ಗಂಡನ ಒಲವು ನೋಡಿ ಆಸ್ತಿ ಹಂಚುವಂತಿಲ್ಲ.

ಹಾಗೆಂದು ಎಲ್ಲ ಕಡೆಯೂ ಅರ್ಥವನ್ನು ಮೆತ್ತಗೆ ಮಾಡುವುದು ಬೇಡ. ಬೈಬಲ್ಲಿನ ಇನ್ನೊಂದು ಕಥೆಯಲ್ಲಿ ತಂಗಿ ತಾಮಾರಳನ್ನು ಕೆಡಿಸಿದ ರಾಜಕುಮಾರ ಅಮ್ನೋನ ಮರುಕ್ಷಣವೇ ಅವಳನ್ನು ದ್ವೇಷಿಸಿ ಹೊರಗೆ ದಬ್ಬಿಸಿದನಲ್ಲ, ಅಲ್ಲಿ ಇದೇ ಕ್ರಿಯಾಪದ ಬಂದಿದೆ, ಅಲ್ಲಿ ಅದು ಕಡು ದ್ವೇಷವೇ.

ಕನ್ನಡ ಬೈಬಲನ್ನು ಪರಿಷ್ಕರಿಸುವ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಲೇಯಳ ಕಥೆ ಬರುವ ಪುಟದ ಅಡಿಯಲ್ಲಿ ಎರಡು ಸಾಲಿನ ಟಿಪ್ಪಣಿ ಹಾಕಿ, ಈ ಮಾತು ಹೆಂಡತಿಯ ಸ್ಥಾನವನ್ನೂ ಹೇಳುತ್ತದೆ ಎಂದು ಬರೆಯಿರಿ. ಪ್ರಸಂಗ ಮಾಡುವವರೇ, ಆ ಅಧ್ಯಾಯ ಓದುವ ಭಾನುವಾರ ಧರ್ಮೋಪದೇಶಕಾಂಡದ ಆ ಕಾನೂನನ್ನೂ ಜೊತೆಗೇ ಓದಿ.