ಒಂದೇ ಕುರ್ಚಿಗಾಗಿ ಅಳೆದ ನಾದ

ಮನೆಯಲ್ಲಿ ಹೋಮ್ ಥಿಯೇಟರ್ ಕಟ್ಟಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶವನ್ನೂ ಒಂದು ಮೈಕನ್ನೂ ಹಿಡಿದು ಸಬ್‌ವೂಫರಿನ ನಾದವನ್ನು ಸಮಗೊಳಿಸುತ್ತಾರೆ. ಕಿವಿಯ ಭ್ರಮೆಯನ್ನು ಅಳತೆಗೆ ಒಪ್ಪಿಸುವುದು ಒಳ್ಳೆಯದೇ. ಆದರೆ ಮೈಕನ್ನು ಯಜಮಾನನ ಕುರ್ಚಿಯಲ್ಲಿ ಮಾತ್ರ ಇಟ್ಟು ಅಳೆಯುವುದನ್ನು ನಾನು ಒಪ್ಪಲಾರೆ.

ತರಗತಿಯಲ್ಲಿ ಕಲಿತ ಸ್ಥಾಯೀ ತರಂಗವನ್ನು ನೆನೆಯಿರಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 5 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 34 ಹರ್ಟ್ಸ್‌ಗೆ ಅನುನಾದ ಉಂಟಾಗುತ್ತದೆ. ಆ ಸ್ವರ ಕೋಣೆಯ ನಡುವೆ ಬಹುಮಟ್ಟಿಗೆ ಅಡಗಿ, ಎರಡು ತುದಿಯ ಗೋಡೆಗಳ ಬಳಿ ಗುಡುಗುತ್ತದೆ. ನಡುವೆ ಕುಳಿತವನ ರೇಖಾಚಿತ್ರದಲ್ಲಿ ಅಲ್ಲೊಂದು ಹಳ್ಳ. ಅದನ್ನು ತುಂಬಲು 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರು 10 ಪಟ್ಟು ಶಕ್ತಿ ಸುರಿಯಬೇಕು. ಹಳ್ಳ ಹೆಚ್ಚೇನೂ ತುಂಬದು, ಹಿಂದಿನ ಗೋಡೆಗೆ ಒರಗಿ ಕುಳಿತ ಅಜ್ಜಿಯ ಎದೆ ನಡುಗುತ್ತದೆ. (ಪಕ್ಕದ ಮನೆಯವರ ಮಾತು ಬೇರೆ!)

ಮೊದಲು ಸಬ್‌ವೂಫರಿನ ಜಾಗವನ್ನೇ ಬದಲಿಸಿ ನೋಡಿ. ಅನಂತರ ಎಲ್ಲರ ಆಸನಗಳಲ್ಲೂ ಅಳೆದು, ಎಲ್ಲೆಡೆ ಕಾಣುವ ಉಬ್ಬುಗಳನ್ನಷ್ಟೇ ತಗ್ಗಿಸಿ. ಪರದೆಯ ಮೇಲಿನ ಗೆರೆ ತುಸು ಡೊಂಕಾಗಿಯೇ ಉಳಿದೀತು. ಅಜ್ಜಿ ಮಾತ್ರ ಸಿನಿಮಾ ಮುಗಿಯುವವರೆಗೂ ಕುಳಿತಾರು.