ಗಿರಾಕಿಯನ್ನು ಬಿಡುವ ಮರ್ಯಾದೆ

ಕೆಲಸವನ್ನು ಒಪ್ಪಿಕೊಳ್ಳುವ ಮರ್ಯಾದೆಯನ್ನು ಎಲ್ಲರೂ ಬಲ್ಲರು. ಬಿಡುವ ಮರ್ಯಾದೆಯನ್ನು ಬಲ್ಲವರು ವಿರಳ. ಬಟ್ಟೆ ಹೊಲಿಯುವವರು, ಲೆಕ್ಕ ಬರೆಯುವವರು, ಮನೆಪಾಠ ಹೇಳುವವರು, ಇವರೆಲ್ಲರಿಗೂ ಒಮ್ಮೆಯಾದರೂ ದುರಾರಾಧ್ಯನಾದ ಗಿರಾಕಿಯು ಗಂಟುಬೀಳುತ್ತಾನೆ. ಒಪ್ಪಿದ ಕೆಲಸವನ್ನು ದಿನಕ್ಕೊಂದು ಬಗೆಯಾಗಿ ತಿದ್ದಿಸುವನು. ಹಣ ಕೇಳಿದರೆ ನಾಳೆಯೆನ್ನುವನು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟುವನು. ಇಂಥವನನ್ನು ಮನಸ್ಸಿನಲ್ಲೇ ಶಪಿಸುತ್ತ ಸಹಿಸುವುದೂ, ಒಂದು ದಿನ ಹಠಾತ್ತಾಗಿ ಜಗಳವಾಡಿ ಅಟ್ಟುವುದೂ ಸಮಾನವಾದ ದೋಷಗಳೇ.

ಈ ವಿಷಯದಲ್ಲಿ ವಕೀಲರಿಗೆ ವಿಧಿಸಿರುವ ಧರ್ಮವು ಸರ್ವರಿಗೂ ಆದರ್ಶಪ್ರಾಯವಾಗಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ, ಒಪ್ಪಿಕೊಂಡ ವ್ಯಾಜ್ಯವನ್ನು ತಕ್ಕ ಕಾರಣವಿಲ್ಲದೆಯೂ, ಕಕ್ಷಿಗಾರನಿಗೆ ಸಾಕಷ್ಟು ಮುಂಚಿತವಾಗಿ ತಿಳಿಸದೆಯೂ ವಕೀಲನು ಸಾಮಾನ್ಯವಾಗಿ ಬಿಡಕೂಡದು. ಬಿಟ್ಟಲ್ಲಿ, ದುಡಿಯದ ಭಾಗದ ಶುಲ್ಕವನ್ನು ಹಿಂದಿರುಗಿಸತಕ್ಕದ್ದು. ಶುಲ್ಕವು ಬಾಕಿಯಿದ್ದರೆ ಕಾಗದಪತ್ರಗಳನ್ನು ಹಿಡಿದಿಡಬಹುದೇ? ಆ ಹಕ್ಕು ವಕೀಲನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ನೆಯ ಇಸವಿಯಲ್ಲಿ ತೀರ್ಮಾನಿಸಿತು. ಬಾಕಿಯನ್ನು ಬೇರೆ ನ್ಯಾಯಮಾರ್ಗದಿಂದಲೇ ಪಡೆಯಬೇಕು. ಏಕೆಂದರೆ ಕಡತವು ಕೈಯಲ್ಲಿಲ್ಲದ ಕಕ್ಷಿಗಾರನಿಗೆ ಹೊಸ ವಕೀಲನು ದೊರೆತೂ ಪ್ರಯೋಜನವಿಲ್ಲ. ಹೊಲಿಗೆಯವರ ಮಾತು ಬೇರೆ: ಮಜೂರಿ ಸಲ್ಲುವವರೆಗೆ ಹೊಲಿದ ಉಡುಪನ್ನು ಇಟ್ಟುಕೊಳ್ಳಲು 1872ರ ಕರಾರು ಕಾಯಿದೆಯು ಅವಕಾಶ ಕೊಟ್ಟಿದೆ, ಸಾಲಕ್ಕೆ ಗಡುವು ಕೊಟ್ಟು ಒಪ್ಪಿದ್ದರೆ ಮಾತ್ರ ಆ ಅವಕಾಶವಿಲ್ಲ.

ಆದಕಾರಣ, ಬಿಡುವುದೆಂದು ನಿಶ್ಚಯಿಸಿದವರು ಕೋಪವು ಇಳಿದ ಮೇಲೆ, ಹಿಡಿದ ಕೆಲಸವನ್ನು ಒಂದು ಘಟ್ಟಕ್ಕೆ ಮುಟ್ಟಿಸಿ, ಇಂತಹ ಪತ್ರವನ್ನು ಬರೆಯಲಿ: “ಮಾನ್ಯರೇ, ಈ ತಿಂಗಳ ಕೊನೆಯ ತರುವಾಯ ತಮ್ಮ ಲೆಕ್ಕದ ಕೆಲಸವನ್ನು ನಡೆಸದಿರಲು ನಿಶ್ಚಯಿಸಿರುತ್ತೇನೆ. ಅಷ್ಟರೊಳಗೆ ಪುಸ್ತಕಗಳನ್ನು ಪೂರ್ತಿಮಾಡಿ ಒಪ್ಪಿಸುವೆನು. ನನಗೆ ಸಲ್ಲತಕ್ಕ ಹಣದ ಪಟ್ಟಿಯು ಇದರೊಂದಿಗಿದೆ. ಇದುವರೆಗೆ ತಾವು ಇಟ್ಟ ವಿಶ್ವಾಸಕ್ಕೆ ಕೃತಜ್ಞನಾಗಿದ್ದೇನೆ.” ಪತ್ರದಲ್ಲಿ ಅವನ ತಪ್ಪುಗಳ ಎಣಿಕೆ ಬೇಡ, ಸುಳ್ಳು ಕಾರಣವೂ ಬೇಡ. ಕಾಯಿಲೆಯೆಂದು ಬರೆದು ಮರುದಿನ ಪೇಟೆಬೀದಿಯಲ್ಲಿ ಎದುರಾದರೆ ಹೋಗುವುದು ನಮ್ಮ ಮಾನವೇ. ಹೆಚ್ಚು ಹಣ ಕೊಡುವೆನೆಂದು ಅವನು ಬಂದಾಗ ನಿಶ್ಚಯವು ಕದಲಬಾರದು. ಹಣದಿಂದ ನಡತೆಯು ಬದಲಾಗುವುದು ಅಪರೂಪ.

ಕಡೆಯದಾಗಿ, ಅವನ ಮನೆಯ ಗುಟ್ಟನ್ನು ಇನ್ನೊಂದು ಮನೆಯಲ್ಲಿ ಆಡಕೂಡದು. ಕೆಲಸವು ಮುಗಿದರೂ ಆ ನಂಬಿಕೆಯ ಹೊಣೆಯು ಮುಗಿಯುವುದಿಲ್ಲ. ನಮ್ಮ ಮಾತನ್ನು ಕೇಳುತ್ತಿರುವ ಹೊಸ ಗಿರಾಕಿಯು, ನಾಳೆ ತನ್ನ ಸರದಿಯೆಂಬುದನ್ನು ತಿಳಿಯದಷ್ಟು ಮುಗ್ಧನಲ್ಲ.